ನಾಯಿಯ ಜಠರದಲ್ಲಿ ಅನ್ಯವಸ್ತು: ಅನುಮಾನ ಬಂದಾಗ ಪತ್ತೆ ಮತ್ತು ನಿರ್ವಹಣೆ

ಬೆಳಗಾವಿಯ ವಡಗಾವಿಯಲ್ಲಿ ಮಗ್ಗದ ಸದ್ದು ಕೇಳುವ ಓಣಿಗಳಲ್ಲಿ ನಾಯಿಗಳೂ ಕಾಣಸಿಗುತ್ತವೆ. ಕೆಲವು ಸಾಕಿದವು, ಕೆಲವು ಓಣಿಯವರೆಲ್ಲ ಸೇರಿ ಅನ್ನ ಹಾಕುವಂಥವು. ಅಲ್ಲಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರಕ್ಕೆ, ಮುಂದೆ ಜಾಂಬೋಟಿ, ಕಣಕುಂಬಿಗಳ ಕಡೆಗೆ ಹೋದರೆ ನಾಯಿಯ ಕೆಲಸವೇ ಬೇರೆ. ಅಲ್ಲಿ ಅದು ಭತ್ತದ ಗದ್ದೆ ಮತ್ತು ಗೆಣಸಿನ ಹೊಲವನ್ನು ಕಾಡುಹಂದಿಗಳಿಂದ ಕಾಯುತ್ತದೆ. ಪೇಟೆಯ ನಾಯಿಗೆ ನೂಲು, ಪ್ಲಾಸ್ಟಿಕ್ ಚೀಲ, ಬೇಯಿಸಿದ ಎಲುಬು ಸಿಗುತ್ತವೆ. ಹೊಲದ ನಾಯಿಗೆ ಗೋವಿನಜೋಳದ ದಿಂಡು, ಗೊಬ್ಬರದ ಚೀಲದ ದಾರ, ಮಾವಿನ ಗೊರಟು ಸಿಗುತ್ತವೆ. ಇವುಗಳಲ್ಲಿ ಯಾವುದು ಜಠರದಲ್ಲಿ ಸಿಕ್ಕಿಕೊಂಡರೂ ನಾಯಿಯ ಪ್ರಾಣಕ್ಕೆ ಸಂಚಕಾರ ಬರಬಹುದು.

ಬೇಸಾಯಶಾಸ್ತ್ರದ ವಿಜ್ಞಾನಿಯೊಬ್ಬನು ನಾಯಿಯ ಹೊಟ್ಟೆಯ ವಿಷಯವನ್ನು ಏಕೆ ಬರೆಯಬೇಕೆಂದು ತಾವು ಕೇಳಬಹುದು. ನಾಯಿ ನುಂಗುವ ವಸ್ತುಗಳಲ್ಲಿ ಬಹಳಷ್ಟು ನಾವು ಹೊಲದಲ್ಲಿ ಬಳಸಿ, ಕಣದಲ್ಲಿ ಬಿಟ್ಟು, ಗೊಬ್ಬರದ ಕೋಣೆಯಲ್ಲಿ ಬಾಯಿ ತೆರೆದಿಟ್ಟು ಬಂದವೇ ಆಗಿರುತ್ತವೆ. ಅವು ಎಲ್ಲಿಂದ ಬರುತ್ತವೆ, ಅವುಗಳ ಗುಣವೇನು ಎಂಬುದು ನಮ್ಮ ವಿಷಯ. ಚಿಕಿತ್ಸೆ ಮಾತ್ರ ಪಶುವೈದ್ಯರ ಕೆಲಸ. ಆದ್ದರಿಂದ ಈ ಲೇಖನದಲ್ಲಿ ಯಾವ ಔಷಧದ ಪ್ರಮಾಣವನ್ನೂ ಕೊಟ್ಟಿಲ್ಲ. ಯಾವಾಗ ಅನುಮಾನಪಡಬೇಕು, ಎಷ್ಟು ಬೇಗ ಹೊರಡಬೇಕು, ವೈದ್ಯರಿಗೆ ಏನು ಹೇಳಬೇಕು ಎಂಬುದನ್ನಷ್ಟೇ ವಿವರಿಸಲಾಗಿದೆ.

ದನದ ಹೊಟ್ಟೆಗೂ ನಾಯಿಯ ಹೊಟ್ಟೆಗೂ ಇರುವ ವ್ಯತ್ಯಾಸ

ದನಗಳು ಮೊಳೆ, ತಂತಿ, ಪ್ಲಾಸ್ಟಿಕ್ ತಿನ್ನುವುದು ರೈತರಿಗೆ ಹೊಸದಲ್ಲ. ಎಮ್ಮೆಯ ಹೊಟ್ಟೆಯಿಂದ ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ತಾವು ಓದಿರಬಹುದು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ ದೊಡ್ಡ ಹಗೇವಿನಂಥದು. ಅಲ್ಲಿ ಬಿದ್ದ ಪ್ಲಾಸ್ಟಿಕ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕುಳಿತಿರಬಲ್ಲದು, ದನ ನಿಧಾನವಾಗಿ ಸೊರಗುತ್ತದೆ. ಈ ಅನುಭವವೇ ನಾಯಿಯ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ‘ಎರಡು ದಿನ ನೋಡೋಣ, ತಾನೇ ಸರಿಹೋಗುತ್ತದೆ’ ಎನ್ನುವ ಮಾತು ಹುಟ್ಟುವುದು ಇಲ್ಲಿಂದಲೇ.

ನಾಯಿಗೆ ಇರುವುದು ಒಂದೇ ಕೋಣೆಯ ಜಠರ. ಅದರ ಅನ್ನನಾಳ ಸಾಕಷ್ಟು ಹಿಗ್ಗುತ್ತದೆ, ಹಾಗಾಗಿ ತನ್ನ ಬಾಯಿಗೆ ಹಿಡಿದದ್ದನ್ನು ನಾಯಿ ಅಗಿಯದೆಯೇ ನುಂಗಬಲ್ಲದು. ಆದರೆ ಜಠರದಿಂದ ಸಣ್ಣ ಕರುಳಿಗೆ ಹೋಗುವ ದ್ವಾರ, ಅಂದರೆ ಪೈಲೋರಸ್, ತೀರ ಕಿರಿದು. ಒಳಗೆ ಹೋದ ವಸ್ತುವಿಗೆ ಮೂರು ಗತಿಗಳುಂಟು. ಅದು ಜಠರದಲ್ಲಿಯೇ ಉಳಿಯಬಹುದು, ಆ ಕಿರಿದಾದ ದ್ವಾರಕ್ಕೆ ಬಿರಡೆಯಂತೆ ಕೂರಬಹುದು, ಇಲ್ಲವೆ ದಾಟಿ ಹೋಗಿ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ನಯವಾದ ಚಿಕ್ಕ ವಸ್ತುವಾದರೆ ಎರಡು ಮೂರು ದಿನಗಳಲ್ಲಿ ಮಲದೊಂದಿಗೆ ಹೊರಬೀಳುವುದೂ ಉಂಟು. ಕರುಳು ಪೂರ್ತಿ ಕಟ್ಟಿಕೊಂಡಾಗ ಮಾತ್ರ ಸಮಯವನ್ನು ಗಂಟೆಗಳಲ್ಲಿ ಎಣಿಸಬೇಕು. ವಸ್ತುವಿನ ಒತ್ತಡದಿಂದ ಕರುಳಿನ ಗೋಡೆಗೆ ರಕ್ತ ಸಂಚಾರ ನಿಲ್ಲುತ್ತದೆ, ಆ ಭಾಗ ಕೊಳೆತು ರಂಧ್ರವಾಗುತ್ತದೆ, ಕರುಳಿನಲ್ಲಿರುವುದೆಲ್ಲ ಉದರ ಕುಹರಕ್ಕೆ ಸೋರಿ ನಂಜೇರುತ್ತದೆ.

ನಮ್ಮ ಭಾಗದಲ್ಲಿ ನಾಯಿಗಳು ನುಂಗುವ ವಸ್ತುಗಳು

ಗೋವಿನಜೋಳದ ದಿಂಡು: ಪಟ್ಟಿಯಲ್ಲಿ ಇದನ್ನು ಮೊದಲು ಇಡುತ್ತೇನೆ. ಮಳೆಗಾಲದಲ್ಲಿ ರಸ್ತೆಬದಿಯಲ್ಲಿ ಸುಟ್ಟು ಮಾರುವ ತೆನೆಯನ್ನು ತಿಂದವರು ಉಪ್ಪು, ಖಾರ, ನಿಂಬೆರಸ ಹತ್ತಿದ ದಿಂಡನ್ನು ಅಲ್ಲಿಯೇ ಎಸೆಯುತ್ತಾರೆ. ರಾಶಿಯ ಕಾಲದಲ್ಲಂತೂ ಕಣದ ತುಂಬ ದಿಂಡುಗಳೇ. ದಿಂಡಿನಲ್ಲಿರುವುದು ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ದನದ ಹೊಟ್ಟೆಯ ಸೂಕ್ಷ್ಮಾಣುಗಳು ಇವುಗಳಲ್ಲಿ ಒಂದಿಷ್ಟನ್ನಾದರೂ ಕರಗಿಸುತ್ತವೆ. ನಾಯಿಯ ಜಠರದ ಆಮ್ಲಕ್ಕೆ ಇವು ಜಗ್ಗುವುದಿಲ್ಲ. ನಾಯಿ ದಿಂಡನ್ನು ಎರಡು ಮೂರು ತುಂಡು ಮಾಡಿ ನುಂಗುತ್ತದೆ. ಆ ತುಂಡುಗಳು ಕರುಳಿನ ವ್ಯಾಸಕ್ಕೆ ಸರಿಯಾಗಿ ಹೊಂದಿ ಕುಳಿತುಕೊಳ್ಳುವಷ್ಟೇ ದಪ್ಪವಿರುತ್ತವೆ. ದಿಂಡು ಜಠರದಲ್ಲಿ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಉಳಿದು ಆಮೇಲೆ ಕರುಳಿಗೆ ಇಳಿಯುವುದೂ ಉಂಟು. ಆಗ ಮಾಲೀಕರಿಗೆ ನಾಯಿ ದಿಂಡು ತಿಂದದ್ದೇ ಮರೆತುಹೋಗಿರುತ್ತದೆ.

ನೂಲು ಮತ್ತು ದಾರ: ವಡಗಾವಿಯ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಂಡಿಕೆಯಲ್ಲಿ ಉಳಿದ ನೂಲು, ಹರಿದ ಹಾಸಿನ ಎಳೆಗಳು, ಯಂತ್ರದ ಎಣ್ಣೆ ಒರೆಸಿದ ನೂಲಿನ ಮುದ್ದೆ ಇವೆಲ್ಲ ಮರಿನಾಯಿಗೆ ಆಟದ ಸಾಮಾನು. ಹೊಲದ ಕಡೆ ಇದೇ ಅಪಾಯವನ್ನು ಪಶು ಆಹಾರದ ಹಾಗೂ ರಸಗೊಬ್ಬರದ ಚೀಲದ ಬಾಯಿಗೆ ಹಾಕಿದ ಹೊಲಿಗೆಯ ದಾರ ತಂದೊಡ್ಡುತ್ತದೆ. ಚೀಲ ಬಿಚ್ಚುವಾಗ ಒಂದೇ ಎಳೆತಕ್ಕೆ ಉದ್ದಕ್ಕೆ ಬರುವ ಆ ದಾರವನ್ನು ನಾವು ಯೋಚಿಸದೆ ಅಲ್ಲಿಯೇ ಬಿಸಾಡುತ್ತೇವೆ. ಹಿಂಡಿಯ ವಾಸನೆ ಹತ್ತಿದ ದಾರವನ್ನು ನಾಯಿ ನೆಕ್ಕುತ್ತ ನೆಕ್ಕುತ್ತ ನುಂಗಿಬಿಡುತ್ತದೆ.

ದಾರ ಮೆತ್ತಗಿರುವುದರಿಂದ ಏನೂ ಆಗದು ಎಂದು ಭಾವಿಸಬಾರದು. ಅನ್ಯವಸ್ತುಗಳಲ್ಲಿ ಅತ್ಯಂತ ಕೆಟ್ಟದ್ದು ಇದೇ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ದ್ವಾರದಲ್ಲಿನ ಗಂಟಿಗೋ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯನ್ನು ಕರುಳು ತನ್ನ ಸಹಜ ಚಲನೆಯಿಂದ ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಲಾಡಿ ಎಳೆದಾಗ ಪರಕಾರದ ಬಟ್ಟೆ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುವಂತೆ ಕರುಳು ದಾರದ ಮೇಲೆ ನೆರಿಗೆಗಟ್ಟುತ್ತದೆ. ಬಿಗಿದ ದಾರವು ಕರುಳಿನ ಒಳಬದಿಯನ್ನು ಗರಗಸದಂತೆ ಕೊಯ್ಯುತ್ತ ಹೋಗಿ ಒಂದೇ ಕಡೆ ಅಲ್ಲ, ಹಲವು ಕಡೆ ರಂಧ್ರ ಮಾಡುತ್ತದೆ. ಸಿಂಥೆಟಿಕ್ ನೂಲು ಒದ್ದೆಯಾದರೂ ಹರಿಯುವುದಿಲ್ಲವಾದ್ದರಿಂದ ಹೆಚ್ಚು ಅಪಾಯಕಾರಿ. ಸಂಕ್ರಾಂತಿಯ ಸುಮಾರಿಗೆ ಗಿಡಗಳಿಂದ ಜೋತಾಡುವ ಗಾಳಿಪಟದ ಮಾಂಜಾ, ಹರಿದ ಸೀರೆಯ ಅಂಚು, ಕಾಲುಚೀಲ, ಸುತಳಿ ಇವೂ ಇದೇ ವರ್ಗಕ್ಕೆ ಸೇರುತ್ತವೆ.

ಎಲುಬಿನ ಪುಡಿ ಮತ್ತು ಹರಳಿನ ಹಿಂಡಿ: ಇವೆರಡರ ಬಗ್ಗೆ ಎಚ್ಚರಿಸುವುದು ನನ್ನ ವೃತ್ತಿಯ ಹೊಣೆ, ಏಕೆಂದರೆ ಸಾವಯವ ಗೊಬ್ಬರವೆಂದು ಇವನ್ನು ಶಿಫಾರಸು ಮಾಡುವವರು ನಾವೇ. ಎಲುಬಿನ ಪುಡಿಯ ವಾಸನೆಗೆ ನಾಯಿ ಚೀಲವನ್ನೇ ಹರಿದು ತಿನ್ನುತ್ತದೆ. ಹೆಚ್ಚು ತಿಂದಾಗ ಅದು ಜಠರದಲ್ಲಿ ನೀರು ಕುಡಿದ ಸಿಮೆಂಟಿನಂತೆ ಗಟ್ಟಿ ಉಂಡೆಯಾಗಬಹುದು. ಹರಳಿನ ಹಿಂಡಿಯ ಅಪಾಯ ಬೇರೆ ಬಗೆಯದು. ಅದರಲ್ಲಿ ರೈಸಿನ್ ಎಂಬ ತೀವ್ರ ವಿಷ ಇರಬಹುದು. ತಿಂದ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ಒಂದು ದಿನದೊಳಗೆ ವಾಂತಿ, ಹೊಟ್ಟೆನೋವು, ರಕ್ತಭೇದಿ ಆರಂಭವಾಗುತ್ತವೆ. ಇವೆರಡನ್ನೂ ಬೆರೆಸಿದ ಗೊಬ್ಬರವಂತೂ ನಾಯಿಯನ್ನು ಕರೆದು ವಿಷ ಉಣಿಸಿದಂತೆ. ಗುಲಾಬಿ ಕುಂಡಗಳಿಗೆ ಇದನ್ನು ಹಾಕುವ ಪೇಟೆಯ ಗೃಹಿಣಿಯರೂ ಇದನ್ನು ತಿಳಿದಿರಬೇಕು.

ಎಲುಬು: ಹಸಿ ಎಲುಬು ಜಠರದವರೆಗೆ ತಲುಪಿದರೆ ಬಹುಮಟ್ಟಿಗೆ ಆಮ್ಲದಲ್ಲಿ ಕರಗುತ್ತದೆ. ಬೇಯಿಸಿದ ಎಲುಬು ಚೂಪು ಚಕ್ಕೆಗಳಾಗಿ ಸೀಳುತ್ತದೆ. ಯಾವುದೇ ಎಲುಬು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ತುರ್ತು ಸ್ಥಿತಿ. ಜಾತ್ರೆ ಮತ್ತು ಹಬ್ಬಗಳ ಮರುದಿನ ಇಂಥ ಪ್ರಕರಣಗಳನ್ನು ನಿರೀಕ್ಷಿಸಬೇಕು.

ಮಾವಿನ ಗೊರಟು, ಚೆಂಡು, ಕಲ್ಲು, ತೆಂಗಿನ ಚಿಪ್ಪಿನ ಚೂರು, ಮಲ್ಚಿಂಗ್ ಹಾಳೆ, ಹನಿ ನೀರಾವರಿಯ ಜೋಡಣೆಯ ತುಣುಕು ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಿಮೋಟ್ ಮತ್ತು ಆಟಿಕೆಗಳಲ್ಲಿನ ಗುಂಡಿಯಾಕಾರದ ಬ್ಯಾಟರಿಯನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಂದೆರಡು ಗಂಟೆಗಳಲ್ಲಿಯೇ ಗೋಡೆಯನ್ನು ಸುಡಲಾರಂಭಿಸುತ್ತದೆ. ಸತು ಲೇಪಿಸಿದ ನಟ್ಟು, ವಾಷರುಗಳು ಜಠರದಲ್ಲಿ ಉಳಿದರೆ ಕರಗಿದ ಸತುವಿನಿಂದ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಉಂಟಾಗುತ್ತದೆ.

ಲಕ್ಷಣಗಳನ್ನು ಓದುವ ಬಗೆ

ವಾಂತಿಯೇ ಮುಖ್ಯ ಲಕ್ಷಣ. ಆದರೆ ಅದರ ಬಗೆಯನ್ನು ಗಮನಿಸಬೇಕು. ತಿಂದ ಕೂಡಲೇ ಹೊಟ್ಟೆ ಹಿಂಡದೆ, ಜೀರ್ಣವಾಗದ ಅನ್ನ ಹಾಗೆಯೇ ಹೊರಬಂದರೆ ತೊಂದರೆ ಅನ್ನನಾಳದಲ್ಲಿದೆ. ಹೊಟ್ಟೆಯನ್ನು ಹಿಂಡಿ ಹಿಂಡಿ ಕಕ್ಕಿದರೆ ಅದು ನಿಜವಾದ ವಾಂತಿ. ಜಠರದಲ್ಲಿ ಸಡಿಲವಾಗಿ ಉರುಳಾಡುವ ವಸ್ತು ಮೋಸಗಾರ. ಅದು ದ್ವಾರಕ್ಕೆ ಬಂದು ಕುಳಿತಾಗ ವಾಂತಿ, ಸರಿದಾಗ ಆರಾಮ. ಬೆಳಿಗ್ಗೆ ಕಕ್ಕಿದ ನಾಯಿ ಸಂಜೆ ರೊಟ್ಟಿ ತಿನ್ನುತ್ತದೆ, ಮರುದಿನ ಮತ್ತೆ ಕಕ್ಕುತ್ತದೆ. ಹೀಗೆ ವಾರಗಟ್ಟಲೆ ನಡೆದು ನಾಯಿ ಸೊರಗುತ್ತದೆ. ಕೆಲವು ನಾಯಿಗಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಕರುಳಿನ ಮೇಲ್ಭಾಗ ಪೂರ್ತಿ ಕಟ್ಟಿಕೊಂಡರೆ ಕುಡಿದ ನೀರೂ ನಿಲ್ಲುವುದಿಲ್ಲ. ಕೆಳಭಾಗದಲ್ಲಿ ಕಟ್ಟಿಕೊಂಡರೆ ವಾಂತಿ ತಡವಾಗಿ ಆರಂಭವಾಗಿ ಕೆಟ್ಟ ವಾಸನೆಯಿಂದ ಕೂಡಿರುತ್ತದೆ.

ಜೊತೆಗೆ ಅನ್ನ ಬಿಡುವುದು, ಮಂಕಾಗುವುದು, ಜೊಲ್ಲು ಸುರಿಸುವುದು, ಮಲ ಕಡಿಮೆಯಾಗುವುದು ಅಥವಾ ನಿಲ್ಲುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು ಕಾಣುತ್ತವೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಎತ್ತಿ, ನಮಸ್ಕಾರ ಮಾಡುವಂತೆ ನಿಂತರೆ ಅದು ಹೊಟ್ಟೆನೋವಿನ ಸೂಚನೆ. ಮಲ ಸ್ವಲ್ಪ ಬಂತೆಂಬ ಕಾರಣಕ್ಕೆ ಕರುಳು ಕಟ್ಟಿಲ್ಲವೆಂದು ತೀರ್ಮಾನಿಸಬೇಡಿ. ತಡೆಯ ಆಚೆ ಇದ್ದ ಹಳೆಯ ಮಲ ಒಂದೆರಡು ದಿನ ಬರುತ್ತಲೇ ಇರುತ್ತದೆ.

ತಾವೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ನಾಯಿಯ ತುಟಿಯನ್ನು ಹೊರಗಿನಿಂದ ಮೇಲೆತ್ತಿ ವಸಡನ್ನು ನೋಡಿ. ಆರೋಗ್ಯವಂತ ನಾಯಿಯ ವಸಡು ಒದ್ದೆಯಾಗಿ ತಿಳಿ ಗುಲಾಬಿ ಬಣ್ಣದಲ್ಲಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡುಗಳೊಳಗೆ ಬಣ್ಣ ಮರಳಬೇಕು. ತಡವಾದರೆ ರಕ್ತ ಪರಿಚಲನೆ ಕುಗ್ಗಿದೆ ಎಂದರ್ಥ. ಹೆಗಲ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಕೂಡಲೇ ಸಮನಾಗಬೇಕು, ಗುಡಾರದಂತೆ ನಿಂತರೆ ದೇಹದಲ್ಲಿ ನೀರು ಕಡಿಮೆಯಾಗಿದೆ. ನಾಯಿಯ ಸಹಜ ಉಷ್ಣತೆ 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮದಕ್ಕಿಂತ ಹೆಚ್ಚು. ಆದುದರಿಂದ ಮೈ ಬಿಸಿ ಎನ್ನಿಸಿದ ಮಾತ್ರಕ್ಕೆ ಜ್ವರವೆಂದು ತಿಳಿಯಬೇಡಿ. ಆದರೆ ವಸಡನ್ನು ಮುಟ್ಟುವ ಮೊದಲು ಮುಂದಿನ ಭಾಗವನ್ನು ದಯವಿಟ್ಟು ಓದಿ.

ಅನ್ಯವಸ್ತುವೆಂದು ತೋರುವ ಬೇರೆ ಕಾಯಿಲೆಗಳು

ಬಾಯಿ ತೆರೆದು, ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತ, ನುಂಗಲಾಗದೆ ಒದ್ದಾಡುವ ನಾಯಿಯನ್ನು ಕಂಡರೆ ಯಾರಿಗಾದರೂ ಗಂಟಲಲ್ಲಿ ಎಲುಬು ಸಿಕ್ಕಿದೆ ಎನ್ನಿಸುತ್ತದೆ. ಕರುಣೆಯಿಂದ ಬಾಯೊಳಗೆ ಕೈ ಹಾಕುತ್ತಾರೆ. ಇದು ರೇಬೀಸ್ ರೋಗದ, ಅಂದರೆ ಹುಚ್ಚುನಾಯಿ ರೋಗದ, ಮೂಕ ರೂಪವೂ ಆಗಿರಬಹುದು. ಈ ರೋಗ ಹಿಡಿದ ನಾಯಿ ಕಲ್ಲು, ಕಟ್ಟಿಗೆ, ಮಣ್ಣು ತಿನ್ನುವುದೂ ಉಂಟು. ಹೀಗಾಗಿ ಕಲ್ಲು ನುಂಗಿದ್ದನ್ನು ಕಣ್ಣಾರೆ ಕಂಡಿದ್ದರೂ ರೇಬೀಸ್ ಇಲ್ಲವೆಂದು ಹೇಳಲಾಗದು. ನಾಯಿಗೆ ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ, ಅಥವಾ ಇತ್ತೀಚೆಗೆ ಬೀದಿನಾಯಿ, ನರಿಗಳು ಕಚ್ಚಿದ್ದರೆ, ಅದರ ಬಾಯಿಯನ್ನು ಮುಟ್ಟಬೇಡಿ. ವಾಹನದಲ್ಲಿ ತರುವಾಗ ಮಕ್ಕಳನ್ನು ದೂರವಿಡಿ, ವೈದ್ಯರಿಗೆ ಮೊದಲೇ ತಿಳಿಸಿ. ಈಗಾಗಲೇ ಕೈ ಹಾಕಿದ್ದು ಗೀರಾಗಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ನಾಯಿಗೆ ಏನಾಗುತ್ತದೆಂದು ನೋಡಿ ಆಮೇಲೆ ಹೋಗೋಣ ಎನ್ನಬೇಡಿ. ಲಕ್ಷಣ ಕಾಣಿಸಿಕೊಂಡ ನಂತರ ಮನುಷ್ಯನನ್ನು ಉಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಎರಡನೆಯದು ವಿಷ. ಇಲಿ ನಿಯಂತ್ರಣಕ್ಕೆ 96 ಭಾಗ ಧಾನ್ಯ, 2 ಭಾಗ ಎಣ್ಣೆ ಮತ್ತು 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿದ ಆಮಿಷವನ್ನು ನಾವು ಶಿಫಾರಸು ಮಾಡುತ್ತ ಬಂದಿದ್ದೇವೆ. ಪ್ರಾತ್ಯಕ್ಷಿಕೆಗಳಲ್ಲಿ ‘ನಾಯಿಯನ್ನು ಕಟ್ಟಿಹಾಕಿ’ ಎಂದು ನಾನೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದೆ. ಅದು ಸಾಲದು ಎಂದು ಈಗ ಅನ್ನಿಸುತ್ತದೆ. ಆ ಆಮಿಷ ನಾಯಿಯ ಜಠರದ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಅನಿಲವಾಗುತ್ತದೆ. ವಾಂತಿ, ಏದುಸಿರು, ನಡುಕ, ಸೆಳವು ಕಾಣಿಸುತ್ತವೆ. ಇಂಥ ನಾಯಿಗೆ ಅನ್ನ ಹಾಕಬಾರದು, ಆಹಾರದಿಂದ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಅದು ಕಕ್ಕಿದ್ದರಿಂದ ಹೊಮ್ಮುವ ಅನಿಲ ಮನುಷ್ಯರಿಗೂ ಅಪಾಯಕಾರಿ, ಆದ್ದರಿಂದ ವಾಹನದ ಕಿಟಕಿಗಳನ್ನು ತೆರೆದಿಡಿ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ನಾಯಿಯಲ್ಲಿ ಮೂರು ದಿನಗಳವರೆಗೆ ಏನೂ ಕಾಣದೆ ಆಮೇಲೆ ರಕ್ತಸ್ರಾವ ಆರಂಭವಾಗಬಹುದು. ಅದಕ್ಕೆ ಪ್ರತ್ಯೌಷಧ ಇದೆ, ಅದೇ ವಿಟಮಿನ್ ಕೆ1. ಹೊಲದಲ್ಲಿ ಯಾವ ಔಷಧ ಬಳಸಿದ್ದೀರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ.

ಮರಿಗಳಲ್ಲಿ ವಾಂತಿಯೊಂದಿಗೆ ನಾರುವ ರಕ್ತಭೇದಿ ಇದ್ದರೆ ಪಾರ್ವೊ ವೈರಾಣು ರೋಗದ ಸಂಶಯ ಮೊದಲು ಬರಬೇಕು. ಜಂತುಹುಳು, ಮೇದೋಜೀರಕಾಂಗದ ಉರಿಯೂತ, ಮೂತ್ರಪಿಂಡದ ವೈಫಲ್ಯ, ಉಣ್ಣೆಯಿಂದ ಬರುವ ಜ್ವರಗಳಲ್ಲಿಯೂ ನಾಯಿ ಕಕ್ಕುತ್ತದೆ. ಆಳವಾದ ಎದೆಯ ದೊಡ್ಡ ನಾಯಿ ಪದೇ ಪದೇ ಓಕರಿಸಿದರೂ ಏನೂ ಹೊರಬರದೆ, ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಅಂಥ ಸ್ಥಿತಿಯಲ್ಲಿ ಈ ಲೇಖನವನ್ನು ಪಕ್ಕಕ್ಕಿಟ್ಟು ಆ ಕ್ಷಣವೇ ಹೊರಡಿ.

ಮನೆಯಲ್ಲಿ ಮಾಡಬಾರದ ಕೆಲಸಗಳು

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ವಾಂತಿ ಆಗದಿದ್ದರೆ ಆ ಉಪ್ಪು ರಕ್ತಕ್ಕೆ ಸೇರಿ ಮಿದುಳಿಗೆ ಹಾನಿಮಾಡುತ್ತದೆ, ಉಪ್ಪಿನಿಂದಲೇ ನಾಯಿ ಸತ್ತ ನಿದರ್ಶನಗಳಿವೆ. ಸಾಬೂನಿನ ನೀರು, ಹುಣಸೆ ನೀರು, ಹರಳೆಣ್ಣೆ ಇವುಗಳನ್ನು ಬಾಯಿ ಹಿಡಿದು ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕರುಳು ಕಟ್ಟಿರುವಾಗ ಭೇದಿಯ ಔಷಧ ಕೊಡುವುದೆಂದರೆ ಮುಚ್ಚಿದ ಕಾಲುವೆಗೆ ಪೂರ್ತಿ ಪಂಪು ಬಿಟ್ಟಂತೆ. ಚೂಪಾದ ವಸ್ತು, ಬ್ಯಾಟರಿ, ಆಮ್ಲ, ಸೀಮೆಎಣ್ಣೆ ನುಂಗಿದ್ದರೆ, ಇಲ್ಲವೆ ನಾಯಿ ಮಂಪರಿನಲ್ಲಿದ್ದರೆ ವಾಂತಿ ಮಾಡಿಸಲೇಬಾರದು. ಇಳಿಯುವಾಗ ಒಮ್ಮೆ ಕೊಯ್ದದ್ದು ಏರುವಾಗ ಇನ್ನೊಮ್ಮೆ ಕೊಯ್ಯುತ್ತದೆ.

ಬಾಯಿಯಿಂದಾಗಲಿ ಗುದದ್ವಾರದಿಂದಾಗಲಿ ದಾರ ಜೋತುಬಿದ್ದಿದ್ದರೆ ಎಳೆಯಬೇಡಿ. ಕೈ ತಡೆಯುವುದು ಕಷ್ಟ ಎಂಬುದು ನನಗೆ ಗೊತ್ತು. ಆದರೆ ನೆರಿಗೆಗಟ್ಟಿದ ಕರುಳು ಆ ಒಂದೇ ಎಳೆತಕ್ಕೆ ಸೀಳಬಹುದು. ನಾಯಿ ಇನ್ನಷ್ಟು ನುಂಗದಂತೆ, ನೆಕ್ಕದಂತೆ ನೋಡಿಕೊಂಡು ಹಾಗೆಯೇ ಕರೆತನ್ನಿ.

ನಮ್ಮ ನೋವಿನ ಮಾತ್ರೆಗಳು ನಾಯಿಗೆ ವಿಷಸಮಾನ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಔಷಧದಂಗಡಿಯಿಂದ ವಾಂತಿ ನಿಲ್ಲಿಸುವ ಮಾತ್ರೆ ತಂದು ಹಾಕಿದರೆ ವಾಂತಿ ನಿಲ್ಲುತ್ತದೆ, ತಡೆ ಹಾಗೆಯೇ ಉಳಿದು ಎರಡು ಅಮೂಲ್ಯ ದಿನಗಳು ಕಳೆಯುತ್ತವೆ. ಅನ್ನ ನಿಲ್ಲಿಸಿ. ನೀರನ್ನು ಬಲವಂತವಾಗಿ ಕುಡಿಸಬೇಡಿ.

ಪಶುವೈದ್ಯರಲ್ಲಿಗೆ ಹೊರಡುವಾಗ

ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ಕಕ್ಕಿ ಅನ್ನ ಬಿಟ್ಟ ನಾಯಿಯನ್ನು ಅದೇ ದಿನ ತೋರಿಸಬೇಕು. ನುಂಗಿದ್ದನ್ನು ಕಣ್ಣಾರೆ ಕಂಡಿದ್ದರೆ ಲಕ್ಷಣಗಳಿಗಾಗಿ ಕಾಯುವ ಅಗತ್ಯವೇ ಇಲ್ಲ, ಮೊದಲ ಒಂದೆರಡು ಗಂಟೆಗಳಲ್ಲಿ ಚಿಕಿತ್ಸೆ ಅತಿ ಸುಲಭ. ಖಾನಾಪುರದ ಒಳಹಳ್ಳಿಗಳವರು ಮಳೆಗಾಲದಲ್ಲಿ ಸಂಜೆಯ ಮೊದಲೇ ಹೊರಡುವ ನಿರ್ಧಾರ ಮಾಡಬೇಕು, ರಾತ್ರಿ ರಸ್ತೆಯೂ ಸಿಗದು, ವಾಹನವೂ ಸಿಗದು. ಕ್ಷ-ಕಿರಣ ಯಂತ್ರ ಎಲ್ಲ ಪಶು ಆಸ್ಪತ್ರೆಗಳಲ್ಲಿ ಇರುವುದಿಲ್ಲವಾದ್ದರಿಂದ ಮೊದಲು ದೂರವಾಣಿ ಮಾಡಿ ವಿಚಾರಿಸಿ. ಎರಡು ಕಡೆ ಅಲೆದು ಮೂರನೆಯ ಕಡೆ ಮುಟ್ಟುವ ಹೊತ್ತಿಗೆ ನಾಯಿಯ ಶಕ್ತಿ ಉಡುಗಿರುತ್ತದೆ.

ವೈದ್ಯರಿಗೆ ಹೇಳಬೇಕಾದ ಸಂಗತಿಗಳು: ಏನು ಕಾಣೆಯಾಗಿದೆ, ಯಾವಾಗಿನಿಂದ, ಎಷ್ಟು ಬಾರಿ ವಾಂತಿ, ಅದರಲ್ಲಿ ಏನಿತ್ತು, ಕೊನೆಯ ಬಾರಿ ಮಲ ಯಾವಾಗ, ಯಾವ ಲಸಿಕೆಗಳಾಗಿವೆ. ಕಾಣೆಯಾದ ವಸ್ತುವಿನ ಜೋಡಿ ಅಥವಾ ಉಳಿದ ತುಂಡು ಇದ್ದರೆ ಒಯ್ಯಿರಿ. ಉಳಿದ ಅರ್ಧ ದಿಂಡು, ಇನ್ನೊಂದು ಕಾಲುಚೀಲ, ಅದೇ ಬಗೆಯ ನೂಲು ಯಾವುದಾದರೂ ಸರಿ. ವಾಂತಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮನೆಮದ್ದು ಕೊಟ್ಟಿದ್ದರೆ ಸಂಕೋಚವಿಲ್ಲದೆ ಹೇಳಿ.

ವೈದ್ಯರು ನಾಲಿಗೆಯ ಕೆಳಗೆ ದಾರವಿದೆಯೇ ಎಂದು ನೋಡಿ, ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುತ್ತಾರೆ. ನಂತರ ಕ್ಷ-ಕಿರಣ ಚಿತ್ರ. ಲೋಹ, ಕಲ್ಲು, ಎಲುಬು ಅದರಲ್ಲಿ ಬಿಳಿದಾಗಿ ಕಾಣುತ್ತವೆ. ದಿಂಡು, ಬಟ್ಟೆ, ನೂಲು, ಪ್ಲಾಸ್ಟಿಕ್ ಸ್ಪಷ್ಟವಾಗಿ ಕಾಣುವುದಿಲ್ಲ. ‘ಫೋಟೋದಲ್ಲಿ ಏನೂ ಇಲ್ಲ’ ಎಂದಾಗ ಹೊಟ್ಟೆಯಲ್ಲಿಯೂ ಏನೂ ಇಲ್ಲವೆಂದು ತಿಳಿದು ಮನೆಗೆ ಮರಳುವವರಿದ್ದಾರೆ, ಅದು ತಪ್ಪು. ಅಂಥಲ್ಲಿ ವೈದ್ಯರು ನೋಡುವುದು ಪರೋಕ್ಷ ಕುರುಹುಗಳನ್ನು: ಕರುಳಿನ ಒಂದು ಭಾಗ ಗಾಳಿಯಿಂದ ಉಬ್ಬಿ ಇನ್ನೊಂದು ಭಾಗ ಸಹಜವಾಗಿರುವುದು, ನೆರಿಗೆಗಟ್ಟಿದ ಕರುಳು, ದಿಂಡಿನೊಳಗಿನ ಸಣ್ಣ ಗಾಳಿಗುಳ್ಳೆಗಳ ವಿನ್ಯಾಸ. ನಾಯಿಯನ್ನು ಎಡಮಗ್ಗುಲಿಗೂ ಬಲಮಗ್ಗುಲಿಗೂ ಮಲಗಿಸಿ ಚಿತ್ರ ತೆಗೆಯುವುದಕ್ಕೆ ಕಾರಣವಿದೆ. ಎಡಮಗ್ಗುಲಾದಾಗ ಜಠರದ ಗಾಳಿ ಪೈಲೋರಸ್ ಕಡೆಗೆ ಸರಿದು ಅಲ್ಲಿ ಕುಳಿತ ವಸ್ತುವಿನ ಅಂಚನ್ನು ತೋರಿಸುತ್ತದೆ. ಎರಡನೆಯ ಚಿತ್ರ ಅನವಶ್ಯಕ ಖರ್ಚೆಂದು ಬೇಡವೆನ್ನಬೇಡಿ.

ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕ್ಷ-ಕಿರಣಕ್ಕೆ ಸಿಗದ ವಸ್ತುಗಳೂ ನೆರಳಿನ ಮೂಲಕ ಸಿಕ್ಕಿಬೀಳುತ್ತವೆ. ಬೇರಿಯಂ ಕುಡಿಸಿ ಚಿತ್ರ ತೆಗೆಯುವ ಕ್ರಮವೂ ಇದೆ, ಆದರೆ ಕರುಳಿಗೆ ರಂಧ್ರವಾಗಿರುವ ಸಂಶಯವಿದ್ದರೆ ಬೇರಿಯಂ ಸಲ್ಲದು. ಜಠರದ ದ್ವಾರ ಕಟ್ಟಿ ಬಹಳ ಕಕ್ಕಿದ ನಾಯಿ ಆಮ್ಲದೊಂದಿಗೆ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಲವಣಗಳನ್ನು ಕಳೆದುಕೊಂಡಿರುತ್ತದೆ. ರಕ್ತ ಪರೀಕ್ಷೆಯಿಂದ ಇದು ತಿಳಿಯುತ್ತದೆ.

ಚಿಕಿತ್ಸೆಯ ಆಯ್ಕೆಗಳು

ಮೊದಲು ಸಲೈನ್. ನೀರು ಮತ್ತು ಲವಣಗಳ ಕೊರತೆ ತುಂಬದೆ ಅರಿವಳಿಕೆ ಕೊಟ್ಟರೆ ನಾಯಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಸಾಯಬಹುದು. ‘ಇಷ್ಟು ಹೊತ್ತು ಬರೀ ಬಾಟಲಿ ಏರಿಸುತ್ತ ಕುಳಿತಿದ್ದಾರೆ’ ಎಂದು ಅಸಮಾಧಾನಪಡುವ ಮಾಲೀಕರಿಗಾಗಿ ಇದನ್ನು ಬರೆದೆ.

ವಸ್ತು ಜಠರದಲ್ಲಿದ್ದು, ನಯವಾಗಿದ್ದು, ಬಂದ ದಾರಿಯಲ್ಲಿ ಮರಳಬಲ್ಲದೆನಿಸಿದರೆ ವೈದ್ಯರು ಚುಚ್ಚುಮದ್ದಿನಿಂದ ವಾಂತಿ ಮಾಡಿಸಬಹುದು. ಸೌಲಭ್ಯವಿದ್ದಲ್ಲಿ ಎಂಡೋಸ್ಕೋಪ್ ಎಂಬ ನಳಿಕೆಯಿಂದ ಹೊಟ್ಟೆ ಕೊಯ್ಯದೆಯೇ ಹೊರತೆಗೆಯಬಹುದು. ವಸ್ತು ಪೈಲೋರಸ್ ದಾಟಿದ ಮೇಲೆ ಈ ಎರಡೂ ದಾರಿಗಳು ಬಹುತೇಕ ಮುಚ್ಚುತ್ತವೆ. ಚಿಕ್ಕದಾದ, ನಯವಾದ, ವಿಷವಲ್ಲದ ವಸ್ತುವಾಗಿದ್ದು ನಾಯಿ ಚುರುಕಾಗಿದ್ದರೆ ಕಾಯುವುದೂ ಒಂದು ಚಿಕಿತ್ಸೆಯೇ. ಆಗ ಪ್ರತಿ ಮಲವನ್ನೂ ಕೆದಕಿ ನೋಡಬೇಕು, ವೈದ್ಯರು ಹೇಳಿದಾಗ ಮತ್ತೆ ಚಿತ್ರ ತೆಗೆಸಬೇಕು. ವಸ್ತು ಇದ್ದಲ್ಲಿಯೇ ಇದ್ದರೆ ಅಥವಾ ವಾಂತಿ ಆರಂಭವಾದರೆ ಕಾಯುವ ಕಾಲ ಮುಗಿಯಿತು.

ಜಠರವನ್ನು ತೆರೆದು ವಸ್ತು ತೆಗೆಯುವ ಶಸ್ತ್ರಚಿಕಿತ್ಸೆಯ ಫಲಿತಾಂಶ ಸಾಮಾನ್ಯವಾಗಿ ಉತ್ತಮ. ಜಠರಕ್ಕೆ ರಕ್ತ ಪೂರೈಕೆ ಹೆಚ್ಚಿರುವುದರಿಂದ ಹೊಲಿಗೆ ಬೇಗ ಕೂಡುತ್ತದೆ. ಕರುಳನ್ನು ಕೊಯ್ಯಬೇಕಾದಾಗ ಅಪಾಯ ಹೆಚ್ಚು, ಕೊಳೆತ ಭಾಗವನ್ನು ಕತ್ತರಿಸಿ ಜೋಡಿಸಬೇಕಾದರೆ ಇನ್ನೂ ಹೆಚ್ಚು. ಜಠರದಲ್ಲಿದ್ದಾಗ ತೆಗೆಯಬಹುದಾಗಿದ್ದ ದಿಂಡು ಕರುಳಿಗೆ ಇಳಿಯುವವರೆಗೆ ಕಾದರೆ ಖರ್ಚು, ನೋವು, ಪ್ರಾಣಾಪಾಯ ಮೂರೂ ಏರುತ್ತವೆ. ಕರುಳಿನ ಹೊಲಿಗೆ ಸೋರುವ ಅಪಾಯ ಮೂರರಿಂದ ಐದನೆಯ ದಿನದಲ್ಲಿ ಅತಿ ಹೆಚ್ಚು. ಮನೆಗೆ ಬಂದ ನಾಯಿ ಆ ದಿನಗಳಲ್ಲಿ ಮತ್ತೆ ಮಂಕಾದರೆ, ಕಕ್ಕಿದರೆ, ಜ್ವರ ಬಂದರೆ ತಡಮಾಡದೆ ಮರಳಿ ಕರೆದೊಯ್ಯಿರಿ. ವೈದ್ಯರು ಅನುಮತಿಸಿದ ಮೇಲೆ ಮೆತ್ತಗಿನ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಬಾರಿ ಹಾಕಬೇಕು. ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ತೊಡಿಸಬೇಕು. ಹೊರಗಿನ ಹೊಲಿಗೆಯನ್ನು ಸಾಮಾನ್ಯವಾಗಿ 10 ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ಈ ನಮ್ಮ ತಳಿ ಆಳವಾದ ಎದೆಯ, ಕೊಬ್ಬಿಲ್ಲದ ತೆಳುಮೈಯ ಬೇಟೆನಾಯಿ. ದೃಷ್ಟಿಯಿಂದ ಬೇಟೆಯಾಡುವ ಗ್ರೇಹೌಂಡ್ ಮೊದಲಾದ ತಳಿಗಳು ಥಯೋಪೆಂಟೋನ್‌ನಂತಹ ಅರಿವಳಿಕೆಗಳಿಂದ ಬಹಳ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಮುಧೋಳವೂ ಅದೇ ಬಗೆಯ ನಾಯಿಯಾದ್ದರಿಂದ, ಅಥವಾ ಅದರ ಮಿಶ್ರತಳಿಯಾಗಿದ್ದರೂ, ಅರಿವಳಿಕೆಗೆ ಮುಂಚೆ ವೈದ್ಯರ ಗಮನಕ್ಕೆ ತನ್ನಿ. ತಳಿಯ ಬಗ್ಗೆ ಹೆಚ್ಚಿನ ಮಾಹಿತಿಗೆ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಮತ್ತೆ ನುಂಗದಿರಲು

ಒಮ್ಮೆ ನುಂಗಿದ ನಾಯಿ ಮತ್ತೆ ನುಂಗುವುದು ಸಾಮಾನ್ಯ. ಹಲ್ಲು ಹುಟ್ಟುವ ಮರಿ, ದಿನವಿಡೀ ಕಟ್ಟಿಹಾಕಿದ ನಾಯಿ, ಜಂತುಹುಳು ಮತ್ತು ಅರೆಹೊಟ್ಟೆಯ ನಾಯಿ ಇವೇ ಹೆಚ್ಚಾಗಿ ಸಿಕ್ಕಿದ್ದನ್ನು ತಿನ್ನುತ್ತವೆ. ಜಂತುನಾಶಕ ಕೊಡಿಸುವುದು, ಹೊಟ್ಟೆತುಂಬ ಹಾಕುವುದು, ಅಗಿಯಲು ಗಟ್ಟಿ ರಬ್ಬರಿನ ದೊಡ್ಡ ಆಟಿಕೆ ಕೊಡುವುದು ಅರ್ಧ ಕೆಲಸ ಮುಗಿಸುತ್ತವೆ.

ಉಳಿದರ್ಧ ನಮ್ಮ ಕಣ ಮತ್ತು ಮಗ್ಗದ ಮನೆಗೆ ಸೇರಿದ್ದು. ಗೋವಿನಜೋಳದ ದಿಂಡನ್ನು ಕಣದಲ್ಲಿ ಬಿಡದೆ ಪುಡಿಮಾಡಿ ಕಾಂಪೋಸ್ಟ್ ಗುಂಡಿಗೆ ಸೇರಿಸಿ. ಅದರಲ್ಲಿ ಇಂಗಾಲ ಹೆಚ್ಚಿರುವುದರಿಂದ ಸಗಣಿ ರಾಡಿ ಬೆರೆಸಿದರೆ ಬೇಗ ಕಳಿಯುತ್ತದೆ. ಪುಡಿಮಾಡಲು ಆಗದಿದ್ದರೆ ಉರುವಲಿಗೆ ಒಟ್ಟಿ, ನಾಯಿಗೆ ಎಟುಕದ ಎತ್ತರದಲ್ಲಿಡಿ. ಎಲುಬಿನ ಪುಡಿ ಮತ್ತು ಹರಳಿನ ಹಿಂಡಿಯನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ, ಹೊಲಕ್ಕೆ ಹಾಕಿದ ಕೂಡಲೇ ಮಣ್ಣಿನಲ್ಲಿ ಬೆರೆಸಿ. ಮೇಲೆ ಚೆಲ್ಲಿ ಬಿಟ್ಟರೆ ಬೆಳೆಗೂ ಪೂರ್ತಿ ದಕ್ಕದು. ಇಲಿ ಆಮಿಷವನ್ನು ಬಿಲದೊಳಗೆ ಆಳಕ್ಕೆ ಇಟ್ಟು ಬಿಲದ ಬಾಯಿ ಮುಚ್ಚಿ, ಸತ್ತ ಇಲಿಗಳನ್ನು ಹೂಳುವವರೆಗೆ ನಾಯಿಯನ್ನು ಬಿಡಬೇಡಿ. ಮಗ್ಗದ ಮನೆಯಲ್ಲಿ ಪ್ರತಿ ಮಗ್ಗದ ಪಕ್ಕ ಮುಚ್ಚಳದ ಡಬ್ಬಿಯೊಂದನ್ನು ನೂಲಿನ ಚೂರಿಗೆಂದೇ ಇಡಿ. ಗೊಬ್ಬರದ ಚೀಲ ಬಿಚ್ಚುವಾಗ ಎಳೆದ ದಾರವನ್ನು ಕೈಗೆ ಸುತ್ತಿ ಗಂಟು ಹಾಕಿ ಜೇಬಿಗೆ ಹಾಕಿಕೊಳ್ಳಿ, ತೊಂಡೆ ಬಳ್ಳಿ ಕಟ್ಟಲು ಬರುತ್ತದೆ.